ಜಾಜಿನ ಗುರುತು

ಇಪ್ಪತ್ಮೂರನೆಯ ಕುರಿಯ ಬೆನ್ನು ಇವತ್ತೂ ಬರಿದಾಗಿಯೇ ಇತ್ತು.

ಅನುಪಮಾ ಬಗ್ಗಿ ಮತ್ತೊಮ್ಮೆ ನೋಡಿದಳು. ಬಬ್ಬೂರಿನ ಹತ್ತಿರದ ಈ ಕುರಿ ಫಾರ್ಮಿಗೆ ಅವಳು ಪಶುವೈದ್ಯೆ. ಸಂಜೆ ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಂಪು ಜಾಜು ಬಳಿದು ಮಂದೆಗೆ ಬಿಡುತ್ತಾರೆ. ಬೆಳಿಗ್ಗೆ ಯಾವ ಕುರಿಯ ಬೆನ್ನು ಕೆಂಪಾಗಿದೆಯೋ ಅದನ್ನು ಟಗರು ಹತ್ತಿದೆ ಎಂದು ಬರೆದುಕೊಳ್ಳಬೇಕು. ನಲವತ್ತು ದಿನವಾದರೂ ಗುರುತು ಬೀಳದ ಕುರಿಯನ್ನು ಮಂದೆಯಿಂದ ತೆಗೆಯುತ್ತಾರೆ. ಇದಕ್ಕೆ ನಾಳೆಗೆ ನಲವತ್ತು.

"ಟಗರಿಂದೇನೂ ತಪ್ಪಿಲ್ಲ ಮೇಡಮ್ಮೋರೆ," ಎಂದ ಕುರಿ ನೋಡಿಕೊಳ್ಳುವ ಕೆಂಚಣ್ಣ. "ಉಳಿದವಕ್ಕೆಲ್ಲ ಹತ್ತೈತೆ. ಇದನ್ನ ಮಾತ್ರ ಮೂಸಿ ನೋಡಿ ಮುಂದಕ್ಕೆ ಹೋಗ್ತೈತೆ. ಇದೇ ಕುರಿ ಹತ್ತು ಅಂತ ಟಗರಿಗೆ ಹೇಳಾಕಾಗ್ತದಾ?"

ಕೆಂಚಣ್ಣನಿಗೆ ಏನೂ ಗೊತ್ತಿರಲಿಲ್ಲ. ಆದರೂ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮದುವೆಯಾದ ಎರಡನೇ ವಾರವೇ ಗಂಡ ದುರ್ಗೇಶ್ ಅತ್ತು ಹೇಳಿಕೊಂಡಿದ್ದ. ತನ್ನ ಮನಸ್ಸು ಗಂಡಸರ ಕಡೆಗೇ ಹೋಗುತ್ತದೆ. ಹರಿಯಬ್ಬೆಯ ಮೇಷ್ಟ್ರು ಕನಕರಾಜನ ಕಡೆಗೆ. ಆರು ವರ್ಷ ಅವಳು ಕನಕರಾಜನಿಗೆ ಕಾಫಿ ಕೊಟ್ಟಳು, ಲೋಟ ಎರಡು ಸಲ ತೊಳೆದಳು. ಹೋದ ವರ್ಷ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಮನಸ್ಸು ತಿರುಗಿಸುವ ಯಂತ್ರ ಬಂತು. ತಲೆಗೆ ಹೆಲ್ಮೆಟ್ಟಿನಂಥದ್ದು, ಹನ್ನೆರಡು ಸಲ.

"ನಂಗೇನು ರೋಗ ಐತೆ ಅನು?" ಎಂದಿದ್ದ.

"ನಂಗೈತೆ," ಎಂದು ಅವಳೇ ಅರ್ಜಿಗೆ ಸಹಿ ಹಾಕಲು ಪೆನ್ನು ಅವನ ಕೈಗೆ ಕೊಟ್ಟಿದ್ದಳು.

ಯಂತ್ರ ಹೇಳಿದ ಕೆಲಸ ಮಾಡಿತು. ದುರ್ಗೇಶ್ ಈಗ ಹೆಂಗಸರನ್ನು ನೋಡುತ್ತಾನೆ. ಬೇಕರಿಯಲ್ಲಿ, ಬಸ್ಸಿನಲ್ಲಿ, ಟಿವಿಯಲ್ಲಿ ಸುದ್ದಿ ಓದುವವಳನ್ನು. ಅಡುಗೆಮನೆಗೆ ಬಂದು ಈರುಳ್ಳಿ ಹೆಚ್ಚುತ್ತ ಹರಟೆ ಹೊಡೆಯುವುದನ್ನು ಮಾತ್ರ ಬಿಟ್ಟಿದ್ದಾನೆ. ಅರ್ಜಿಯಲ್ಲಿ 'ಹೆಂಗಸರ ಕಡೆಗೆ' ಎಂಬ ಚೌಕವಿತ್ತು. ಯಾವ ಹೆಂಗಸು ಎಂದು ಬರೆಯಲು ಜಾಗವಿರಲಿಲ್ಲ.

ಕನಕರಾಜನ ಮೇಲಿನ ಹೊಟ್ಟೆಕಿಚ್ಚಿಗೆ ಒಂದು ಮುಖವಾದರೂ ಇತ್ತು. ಈಗ ಊರಿಗೆ ಊರೇ ಸವತಿ.

ಸಂಜೆ ಐದಕ್ಕೆ ದುರ್ಗೇಶ್ ಬೈಕು ತಂದ. ಗೇಟಿನ ಹತ್ತಿರ ಲ್ಯಾಬಿನ ಸುಮಾ ಬಸ್ಸಿಗೆ ಕಾಯುತ್ತಿದ್ದಳು. ಗಾಳಿಗೆ ಹಾರಿದ ದುಪಟ್ಟಾವನ್ನು ಎಳೆದುಕೊಂಡಳು. ಅವನ ಕಣ್ಣು ಆ ಕೈಯ ಹಿಂದೆಯೇ ಹೋಯಿತು. ಕನಕರಾಜ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ದುರ್ಗೇಶ್ ಅವನನ್ನು ಹೀಗೇ ನೋಡುತ್ತಿದ್ದ. ಅನುಪಮಾ ಗಂಡನನ್ನು ಬೇವಿನ ಮರದ ಕಡೆಗೆ ಕರೆದಳು.

"ಏನು ನೋಡ್ತಿದ್ರಿ?"

"ಏನಿಲ್ಲ."

"ನನ್ನ ನೋಡ್ರಿ."

ನೋಡಿದ. ಹಾಲಿನ ಪಾಕೀಟಿನ ಮೇಲೆ ತಾರೀಖು ನೋಡುವ ಹಾಗೆ.

"ಆರು ವರ್ಷ ನಿನ್ನ ಗೆಳತಿ ಅಂತ ನೋಡೀನಿ ಅನು. ಮಿಷನ್ನು ಅದೊಂದನ್ನ ಬದಲಾಯಿಸಲಿಲ್ಲ. ನಾನೇನು ಮಾಡ್ಲಿ?"

"ಮತ್ತೆ ಯಾಕೆ ಮಾಡಿಸ್ಕಂಡ್ರಿ?"

"ನೀನು ಹೇಳ್ದೆ."

ಅವಳು ಕೇಳಿದಳು. "ಕನಕರಾಜ ನೆನಪಾಗ್ತಾನಾ?"

ಅವನು ಸ್ವಲ್ಪ ಯೋಚಿಸಿದ. "ಒಳ್ಳೆ ಮನುಷ್ಯ," ಎಂದ.

ಗೆದ್ದೆ ಎನಿಸಬೇಕಿತ್ತು. ಅವಳಿಗೆ ಹೆದರಿಕೆಯಾಯಿತು. ಅಷ್ಟು ದೊಡ್ಡ ಪ್ರೀತಿಯನ್ನು ತಾನೇ ಮುಂದೆ ನಿಂತು ಅಳಿಸಿಹಾಕಿಸಿದ್ದಳು, ಅದರ ಒಂದು ಚೂರೂ ತನ್ನ ಕಡೆ ಬಂದಿರಲಿಲ್ಲ.

"ರಿಜಿಸ್ಟರ್ ಮರ್ತೆ," ಎಂದು ದೊಡ್ಡಿಗೆ ವಾಪಸು ನಡೆದಳು. ಕೆಂಚಣ್ಣ ಟಗರನ್ನು ಮಂದೆಗೆ ಬಿಟ್ಟು ಹೋಗಿದ್ದ. ಜಾಜಿನ ಡಬ್ಬಿ ಗೋಡೆಯ ಪಕ್ಕ ತೆರೆದೇ ಇತ್ತು. ಅಂಗೈ ಅದ್ದಿ ಇಪ್ಪತ್ಮೂರನೆಯದರ ಬೆನ್ನಿಗೆ ಒತ್ತಿದಳು. ಕುರಿ ಅಲುಗಲಿಲ್ಲ. ರಿಜಿಸ್ಟರಿನ ಪುಟ ತಿರುಗಿಸಿ 'ಹತ್ತಿದೆ' ಎಂದು ಬರೆದಳು.

ಗೇಟಿನ ಕಡೆಯಿಂದ ಸುಮಾಳ ನಗು ಕೇಳಿಸಿತು. ಆಮೇಲೆ ದುರ್ಗೇಶನದು.

ಉಳಿದ ಕುರಿಗಳ ಬೆನ್ನ ಮೇಲೆ ಇದ್ದದ್ದು ಎದೆಯಗಲದ ಕಲೆ. ಇದರ ಮೇಲೆ ಐದು ಬೆರಳು. ಟಗರು ಬಂದು ಆ ಬೆರಳುಗಳನ್ನು ಮೂಸಿ ನೋಡಿ ಮುಂದಕ್ಕೆ ಹೋಯಿತು.