ಅಮ್ಮ ಕುಟ್ಟಿದ ಕಪ್ಪು ಪುಡಿ

ಹರಿಕೃಷ್ಣನನ್ನು ನಾನು ಮೊದಲು ನೋಡಿದಾಗ ಅವನ ಎಡಗೈ ಭುಜದವರೆಗೂ ನಮ್ಮ ಹಸುವಿನ ಒಳಗಿತ್ತು. ಕೆನ್ನೆಯನ್ನು ಹಸುವಿನ ಬೆನ್ನಿಗೆ ಆನಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, "ಮೇಡಂ, ವಸಿ ಬಾಲ ಹಿಡ್ಕೊಂತೀರಾ?" ಎಂದ. ನಾನು ಹಿಡಿದುಕೊಂಡೆ. ಅಂಥ ಹೊತ್ತಿನಲ್ಲಿ ಯಾರಿಗಾದರೂ ಪ್ರೀತಿ ಹುಟ್ಟುತ್ತದೆಯೇ ಎಂದು ಕೇಳಬೇಡಿ. ನನಗೆ ಹುಟ್ಟಿತು, ಏನು ಮಾಡಲಿ.

ಉದ್ದನಪಲ್ಲಿ ಸುತ್ತಿನ ಹಳ್ಳಿಗಳಲ್ಲಿ ಹಸುಗಳಿಗೆ ಗಬ್ಬದ ಸೂಜಿ ಹಾಕುವುದು ಅವನ ಕೆಲಸ. ಬೈಕಿನ ಹಿಂದೆ ಹಾಲಿನ ಕ್ಯಾನಿನಂಥದ್ದೇ ಒಂದು ಕ್ಯಾನು, ಅದರ ತುಂಬ ದ್ರವ ನೈಟ್ರೋಜನ್, ಅದರಲ್ಲಿ ಮುಳುಗಿಸಿಟ್ಟ ಸೀಮೆಹೋರಿಗಳ ವೀರ್ಯದ ಕಡ್ಡಿಗಳು. ಮುಚ್ಚಳ ತೆಗೆದರೆ ಬುಸ್ಸೆಂದು ಬಿಳಿ ಹೊಗೆ. ನಾನು ಮಂಗಳಾ, ಹೊಸೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಆ ಹೊಗೆ ನೋಡಿದಾಗಲೆಲ್ಲ ನನಗೆ ಬಾಯಲ್ಲಿ ನೀರೂರುತ್ತಿತ್ತು. ನಮ್ಮ ಕಾಲೇಜಿಗೆ ದ್ರವ ನೈಟ್ರೋಜನ್ ತರಿಸಿ ಎಂದು ಬೇಡಿ ಬೇಡಿ ಸಾಕಾಗಿತ್ತು, ಇಲ್ಲಿ ನೋಡಿದರೆ ಅದು ನಮ್ಮ ಕೊಟ್ಟಿಗೆಗೇ ಬರುತ್ತಿತ್ತು.

ಹರಿ ನಮ್ಮವನೇ, ಗುಮ್ಮಳಾಪುರದ ಕಡೆಯ ದೂರದ ನೆಂಟ. ಜಾತಿ, ಜಾತಕ, ಹೊಲ ಯಾವುದರಲ್ಲೂ ನಮ್ಮಮ್ಮ ಶ್ಯಾಮಲಮ್ಮನಿಗೆ ತಕರಾರಿರಲಿಲ್ಲ. ತಕರಾರು ಇದ್ದದ್ದು ಅವನ ಕೈಯ ಬಗ್ಗೆ.

"ದಿನಾ ಬೆಳಗೆದ್ದು ಹಸೀನ ಹಿಂದ್ಗಡೆ ಹೋಗ್ಬರೋ ಕೈ ಅದು. ಆ ಕೈಗೆ ನನ್ ಮಗಳ್ನ ಕೊಡಾಕಿಲ್ಲ."

"ತೊಳ್ಕೊಂತಾನೆ ಕಣಮ್ಮ."

"ತೊಳ್ದ್ರೆ ಹೋಗೋದೇನೆ ಅದು?"

ಅಮ್ಮನಿಗೆ ಶುದ್ಧದ ಹುಚ್ಚು. ಸೋಪು ಮುಟ್ಟುವ ಮೊದಲು ಸೋಪನ್ನೇ ತೊಳೆಯುವ ಹೆಂಗಸು ಅವಳು. ನನಗೆ ಅವಳು ನೋಡಿಟ್ಟಿದ್ದ ಗಂಡು ರಾಯಕೋಟೆಯವನು, ಸಿಮೆಂಟ್ ಅಂಗಡಿಯವನು. ಫೋಟೋದಲ್ಲಿ ಅವನ ಮುಖಕ್ಕಿಂತ ಕೂಲಿಂಗ್ ಗ್ಲಾಸೇ ದೊಡ್ಡದಾಗಿತ್ತು. ಆದರೆ ಉಗುರು ಚೊಕ್ಕವಾಗಿವೆ ಎಂದು ಅಮ್ಮ ಫೋಟೋವನ್ನು ದೊಡ್ಡದು ಮಾಡಿ ತೋರಿಸಿದಳು.

ಒಂದು ಭಾನುವಾರ ಹರಿ ಕೆಲಸ ಮುಗಿಸಿ ಹೊರಟಾಗ ಅವನ ಕ್ಯಾನು ನಮ್ಮ ಜಗುಲಿಗೆ ತಗುಲಿತು. ಅವನಿನ್ನೂ ಗೇಟು ದಾಟಿರಲಿಲ್ಲ, ಅಮ್ಮ ಬಕೆಟ್ ತಂದು ಜಗುಲಿ ತೊಳೆಯಲು ಶುರು ಮಾಡಿದಳು. ನನಗೆ ರೇಗಿಹೋಯಿತು. ಕೋಪ ಬಂದರೆ ನನ್ನ ನಾಲಗೆ ನನ್ನ ಮಾತೇ ಕೇಳುವುದಿಲ್ಲ.

"ಏನ್ ಮೆತ್ಕೊಂಡದೆ ಅಂತ ತೊಳೀತಿದ್ದೀಯಾ? ಆ ಕ್ಯಾನಲ್ಲಿರೋದನ್ನ ಹುಯ್ದು ನಾನು ಗಾಳೀಲಿ ಮ್ಯಾಗ್ನೆಟ್ ನಿಲ್ಲಿಸ್ತೀನಿ. ಅಷ್ಟು ದೊಡ್ಡ ವಸ್ತು ಕಣಮ್ಮ ಅದು."

ಅಮ್ಮ ಪೊರಕೆ ನಿಲ್ಲಿಸಿದಳು. "ನಿಲ್ಸು, ನೋಡಾನ. ದಾರ ಇಲ್ದೆ, ಕೋಲಿಲ್ದೆ ಗಾಳೀಲಿ ನಿಂತ್ರೆ ಅವನ್ನ ನಾನೇ ಒಳಕ್ಕೆ ಕರ್ದು ಮಾತಾಡ್ತೀನಿ. ನಿಲ್ಲಿಲ್ಲ ಅಂದ್ರೆ ಬಾಯ್ಮುಚ್ಕೊಂಡು ರಾಯಕೋಟೆಯೋನ್ಗೆ ಹೂಂ ಅನ್ಬೇಕು."

"ಆಯ್ತು" ಎಂದುಬಿಟ್ಟೆ. ಟೊಮೇಟೊ ಕ್ರೇಟು ಒರೆಸುತ್ತಿದ್ದ ಅಪ್ಪ ಬಚ್ಚಪ್ಪ ತಲೆ ಎತ್ತಿ, "ನಾನ್ ಸಾಕ್ಷಿ" ಎಂದ. ಅವನಿಗೆ ಮನೆಯಲ್ಲಿ ಇಂಥದ್ದು ನಡೆದರೆ ಟೀವಿ ಬೇಕಿಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಕಪ್ಪು ಬಿಲ್ಲೆಯೊಂದನ್ನು ದ್ರವ ನೈಟ್ರೋಜನ್ನಿನಲ್ಲಿ ತಣಿಸಿದರೆ ಅದರಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಆಗ ಅದು ಅಯಸ್ಕಾಂತವನ್ನು ಮೈಗೆ ತಾಗಗೊಡದೆ ಗಾಳಿಯಲ್ಲೇ ಎತ್ತಿ ಹಿಡಿಯುತ್ತದೆ. ಅತಿವಾಹಕ ಎನ್ನುತ್ತಾರೆ. ಮಾಡುವುದೂ ಬ್ರಹ್ಮವಿದ್ಯೆಯಲ್ಲ. ಮೂರು ಪುಡಿ ಬೆರೆಸಿ ನುಣ್ಣಗೆ ಕುಟ್ಟಿ, ಕುಲುಮೆಯಲ್ಲಿ ಸುಟ್ಟು, ಮತ್ತೆ ಕುಟ್ಟಿ, ಬಿಲ್ಲೆ ಒತ್ತಿ, ಆಮ್ಲಜನಕ ಹಾಯಿಸುತ್ತ ಮತ್ತೆ ಸುಟ್ಟು ನಿಧಾನವಾಗಿ ಆರಿಸಬೇಕು. ಪುಡಿಗಳೂ ಕುಲುಮೆಯೂ ಕಾಲೇಜಿನಲ್ಲಿದ್ದವು. ಅರೆಯುವ ಪುಟ್ಟ ಕಲ್ಲುಬಟ್ಟಲು ಮಾತ್ರ ಬಿರುಕು ಬಿಟ್ಟಿತ್ತು. ಹಾಗಾಗಿ ಪುಡಿಯನ್ನು ಮನೆಗೆ ತಂದೆ.

ಬೇರಿಯಂ ಪುಡಿ ವಿಷ, ಅಡುಗೆಯ ಒರಳಿಗೆ ಹಾಕುವಂತಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಹಿಂದೆ ಹಿಂಡಿ ಕುಟ್ಟುತ್ತಿದ್ದ, ಈಗ ಯಾರೂ ಬಳಸದ ಹಳೆಯ ಒರಳುಕಲ್ಲಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಲ್ಲಿ ಕೂತೆ. ಸಗಣಿ ಎತ್ತಲು ಬಂದ ಅಮ್ಮ ನನ್ನನ್ನು ನೋಡಿ ಹಣೆ ಚಚ್ಚಿಕೊಂಡಳು.

"ಆ ಗಲೀಜು ಒರಳಲ್ಲಾ ಕುಟ್ಟೋದು? ಏಳು ಮೇಲೆ. ಅದೇನ್ ಕುಟ್ಟೋ ಕೈಯಾ, ಸೊಳ್ಳೆ ಹೊಡ್ದಂಗೆ."

ಒಳಗೆ ಹೋಗಿ ತನ್ನ ಹಿತ್ತಾಳೆ ಕುಟ್ಟಾಣಿ ತಂದಳು. ಅಜ್ಜಿ ಕೊಟ್ಟದ್ದು ಅದು. ಮನೆಗೆ ಮಿಕ್ಸಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ, ಷೆಲ್ಫಿನ ಮೇಲೆ ಶುಕ್ರವಾರ ಶುಕ್ರವಾರ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿತ್ತು. ಸೆರಗನ್ನು ಬಾಯಿಗೆ ಬಿಗಿದು ಅಮ್ಮನೇ ಕುಟ್ಟಲು ಕೂತಳು. ನಾನು ಸೋಲಬೇಕು ಎಂಬ ಆಸೆ ಅವಳದೇ, ಆದರೂ ಕುಟ್ಟುವುದೆಂದರೆ ಅಚ್ಚುಕಟ್ಟಾಗಿ ಕುಟ್ಟಬೇಕು ಎಂಬ ಹಟವೂ ಅವಳದೇ. ಠಣ್ ಠಣ್ ಎಂದು ಬೀದಿಗೆಲ್ಲ ಕೇಳುವ ಹಾಗೆ ಕುಟ್ಟಿದಳು. ಹಸು ನೋಡಲು ಬಂದಿದ್ದ ಹರಿ ಮಧ್ಯೆ ಮಧ್ಯೆ ತನ್ನ ಸ್ಟೀಲ್ ಚಮಚದಲ್ಲಿ ಪುಡಿ ತಿರುವಿಹಾಕಿದ.

ಮುಂದಿನ ಭಾನುವಾರ ಅಂಗಳದಲ್ಲಿ ಪರೀಕ್ಷೆ. ಕಾಲೇಜಿನಲ್ಲಿ ಸುಟ್ಟು ತಂದ ಕಪ್ಪು ಬಿಲ್ಲೆಯನ್ನು ಥರ್ಮಾಕೋಲ್ ಬಟ್ಟಲಿಗೆ ಇಟ್ಟೆ. ಹರಿ ಕ್ಯಾನು ಬಗ್ಗಿಸಿ ನೈಟ್ರೋಜನ್ ಹುಯ್ದ, ಹೊಗೆ ನೆಲದ ಮೇಲೆಲ್ಲ ಹರಿಯಿತು, ಕೋಳಿಗಳು ಓಡಿದವು. ಕುದಿತ ನಿಂತ ಮೇಲೆ ಅಯಸ್ಕಾಂತವನ್ನು ಚಿಮಟದಲ್ಲಿ ಹಿಡಿದು ಬಿಲ್ಲೆಯ ಮೇಲೆ ಬಿಟ್ಟೆ.

ಅದು ಟಕ್ ಎಂದು ಬಿಲ್ಲೆಯ ಮೇಲೆ ಕೂತಿತು. ಮತ್ತೆ ಎತ್ತಿ ಬಿಟ್ಟೆ, ಮತ್ತೆ ಟಕ್.

ಅಪ್ಪ ಬಗ್ಗಿ ನೋಡಿ, "ನಿಂತದಲ್ಲ ಬಿಡು, ಸೊಗ್ಸಾಗಿ ಕುಂತದೆ" ಎಂದ. ಅಮ್ಮ ಆಗಲೇ ಅಂಗಳ ತೊಳೆಯಲು ಬಕೆಟ್ ತಂದಳು. ಅದೇ ಉರಿ ನನಗೆ. ಇನ್ನೊಂದು ಸಲ, ಒಂದೇ ಒಂದು ಸಲ ಎಂದು ಗೋಗರೆದೆ. ರಾಯಕೋಟೆಯವರು ಹೆಣ್ಣು ನೋಡಲು ಬರುವುದು ಎಂಟು ದಿನ ಬಿಟ್ಟು ಸೋಮವಾರ. ಅದಕ್ಕೂ ಮೊದಲಿನ ಭಾನುವಾರದವರೆಗೆ ಅಮ್ಮ ಗಡುವು ಕೊಟ್ಟಳು.

ಮಾರನೆಯ ದಿನ ಹೊಸೂರಿಗೆ ಹೊರಟರೆ ಸಾನಮಾವು ಕಾಡಿನ ಹತ್ತಿರ ಫಾರೆಸ್ಟಿನವರು ರಸ್ತೆ ತಡೆದಿದ್ದರು. ಆನೆ ಹಿಂಡು ದಾಟುತ್ತಿತ್ತು. ನಿಂತ ಗಾಡಿಗಳ ಸಾಲಿನಲ್ಲಿ ಹರಿಯ ಬೈಕೂ ಇತ್ತು. ನನ್ನ ಸ್ಕೂಟಿ ನಿಲ್ಲಿಸಿ ಅವನ ಮೇಲೆ ಹರಿಹಾಯ್ದೆ.

"ನಿನ್ ಚಮಚದಿಂದಲೇ ಕೆಟ್ಟಿದ್ದು. ಸ್ಟೀಲಲ್ಲಿ ಕಬ್ಬಿಣ, ನಿಕ್ಕಲ್ ಎಲ್ಲಾ ಇರ್ತದೆ. ಅವು ಮ್ಯಾಗ್ನೆಟ್ ಜಾತಿಯವು. ಅತಿವಾಹಕಕ್ಕೆ ಅಂಥವು ಸೇರಿದ್ರೆ ವಿಷ."

"ಚಮಚ ತೇಯ್ದೇ ಇಲ್ಲ ಕಣೆ. ಬರೀ ತಿರುವ್ಹಾಕ್ದೆ."

"ಇನ್ಯಾತರಿಂದ ಕೆಡ್ತು ಮತ್ತೆ? ರಾಯಕೋಟೆಗೆ ಹೋಗಿ ಸಿಮೆಂಟ್ ಮೂಟೆ ಎಣಿಸ್ಲಾ ನಾನು?"

ಅವನು ತಲೆ ತಗ್ಗಿಸಿ ಹೆಲ್ಮೆಟ್ಟಿನ ಪಟ್ಟಿ ಎಳೆದುಕೊಂಡ. ಕಣ್ಣು ತುಂಬಿಕೊಂಡಿದ್ದವು. ಅದನ್ನು ನೋಡಿ ನನಗೂ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಕೋಪ ಬಂತು. ಮುಖ ತಿರುಗಿಸಿಕೊಂಡು ಫೋನಿನಲ್ಲಿ ಓದತೊಡಗಿದೆ. ಒಂದು ಮರಿಯಾನೆ ರಸ್ತೆಯ ನಡುವೆ ಕೂತು ಏಳಲೊಲ್ಲದೆ ಹಟ ಮಾಡುತ್ತಿತ್ತು, ಅದರಿಂದ ಓದಲು ಬೇಕಾದಷ್ಟು ಹೊತ್ತು ಸಿಕ್ಕಿತು.

ಓದುತ್ತ ಓದುತ್ತ ಮೈ ಜುಂ ಎಂದಿತು. ನಾನು ಹೇಳಿದ್ದು ಹಳೆಯ ಅತಿವಾಹಕಗಳ ಮಾತು. ಸೀಸ, ತವರದಂಥವುಗಳಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಓಡಾಡುತ್ತವೆ, ಕಾಂತಗುಣದ ಕಲ್ಮಶ ಆ ಜೋಡಿಗಳನ್ನು ಒಡೆಯುತ್ತದೆ. ಕಾಂತಗುಣ ಇಲ್ಲದ್ದು ಸೇರಿದರೆ ಅಷ್ಟು ತೊಂದರೆಯಿಲ್ಲ. ಈ ತಾಮ್ರದ ಜಾತಿಯಲ್ಲಿ ಕತೆ ತಲೆಕೆಳಗು. ಇಲ್ಲಿ ಕಾಂತಗುಣವಿರುವ ನಿಕ್ಕಲ್ ಮಾಡುವ ಹಾನಿಗಿಂತ ಕಾಂತಗುಣವೇ ಇಲ್ಲದ ಸತು ಮಾಡುವ ಹಾನಿ ದೊಡ್ಡದು. ಕೋಲಾಟ ನೆನಪಿಸಿಕೊಳ್ಳಿ. ತಾಮ್ರದ ಒಂದೊಂದು ಪರಮಾಣುವೂ ಪುಟ್ಟ ಅಯಸ್ಕಾಂತ, ಅಕ್ಕಪಕ್ಕದವು ಒಂದಕ್ಕೊಂದು ಎದುರಾಗಿ ಕೋಲು ಕೊಡುತ್ತ ನಿಂತಿವೆ. ನಿಕ್ಕಲ್ ಬಂದು ನಿಂತರೆ ತಾಳ ತಪ್ಪಿದರೂ ಅದರ ಕೈಯಲ್ಲಿ ಕೋಲಿರುತ್ತದೆ. ಸತುವಿನದು ಬರಿಗೈ. ಅದು ನಿಂತ ಕಡೆ ಪಕ್ಕದವರ ಕೋಲು ಗಾಳಿಗೆ ಬೀಸಿ, ಸುತ್ತಲಿನ ಆಟವೇ ಕೆಡುತ್ತದೆ. ನೂರು ತಾಮ್ರಕ್ಕೆ ಒಂದೆರಡು ಸತು ನುಸುಳಿದರೂ ಸಾಕು, ನೈಟ್ರೋಜನ್ನಿನ ತಣುವು ಆ ಬಿಲ್ಲೆಗೆ ಸಾಲದು.

ಸತು ಎಲ್ಲಿಂದ ಬಂತು? ತಾಮ್ರಕ್ಕೆ ಸತು ಬೆರೆಸಿದರೆ ಏನಾಗುತ್ತದೆ?

"ಹಿತ್ತಾಳೆ" ಎಂದು ಕಿರುಚಿದೆ.

"ಸತ್ತಂ ಪೋಡಾದೀಂಗಮ್ಮಾ", ಸದ್ದು ಮಾಡಬೇಡಿ ಎಂದು ತಮಿಳಿನಲ್ಲಿ ಬೇಡುತ್ತ ಫಾರೆಸ್ಟ್ ಗಾರ್ಡು ಬಾಯಿಗೆ ಬೆರಳಿಟ್ಟುಕೊಂಡು ಓಡಿ ಬಂದ. ಮರಿಯಾನೆ ಎದ್ದು ನಿಂತು ನನ್ನನ್ನೇ ನೋಡಿತು. ನಾನು ಹರಿಯ ಹೆಲ್ಮೆಟ್ಟಿಗೆ ಮುತ್ತಿಟ್ಟೆ. ತಲೆಯಲ್ಲಿ ಹೆಲ್ಮೆಟ್ ಇತ್ತಲ್ಲ, ಏನು ಮಾಡಲಿ.

ಸಂಜೆ ಮನೆಗೆ ಹೋಗಿ ಅಮ್ಮನ ಮುಂದೆ ಕೂತೆ. ಕೂಗಾಡಬೇಕೆಂದೇ ಹೋಗಿದ್ದೆ. ಆದರೆ ಕುಟ್ಟಾಣಿಯನ್ನು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು, ಅದನ್ನು ನೋಡಿದ ಮೇಲೆ ದನಿ ಏರಲಿಲ್ಲ.

"ಅಮ್ಮ, ನಿನ್ ಕುಟ್ಟಾಣಿ ತೇಯ್ದು ಪುಡಿಗೆ ಸೇರ್ಕೊಂಡಿದೆ. ಅದ್ರಲ್ಲಿ ಸತು ಇರ್ತದೆ. ಅದಕ್ಕೇ ಕೆಡ್ತು."

"ನನ್ ಕುಟ್ಟಾಣಿ ಗಲೀಜು ಅಂತೀಯಾ?"

"ಗಲೀಜಲ್ಲಮ್ಮ. ಅದು ಚೊಕ್ಕವಾಗೇ ಅದೆ. ಆದ್ರೆ ಇದಕ್ಕೆ ಆಗಿಬರಲ್ಲ."

"ಮತ್ತೆ ಯಾವ್ದು ಆಗ್ತದೆ?"

"ಕೊಟ್ಟಿಗೇದು. ಅದ್ರಲ್ಲಿ ಹಿಂಡಿ, ಹುಲ್ಲು ಏನಿದ್ರೂ ಕುಲುಮೇಲಿ ಸುಟ್ಟೋಗ್ತದೆ. ಕಲ್ಲಿನ ಪುಡಿ ಒಂಚೂರು ಉಳೀಬಹುದು, ಅದು ಸತುವಿನಷ್ಟು ಕೆಡಿಸಲ್ಲ."

ಅಮ್ಮ ಕೊಟ್ಟಿಗೆಯ ಕಡೆ ನೋಡಿ ಮೂಗು ಮುರಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು. "ತಾ ಹೊಸ ಪುಡೀನ. ನನ್ ಕೈಯಿಂದ ಕೆಟ್ಟು ನೀನು ಸೋತೆ ಅನ್ನೋ ಮಾತು ಬೇಡ. ಸೋತ್ರೆ ನ್ಯಾಯವಾಗಿ ಸೋಲು."

ಹಾಗೆ ಆ ಶುದ್ಧದ ಹೆಂಗಸು ಸಗಣಿ ವಾಸನೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಟ್ಟ ಒರಳಿನಲ್ಲಿ, ಮಗಳ ಗೆಲುವಿಗೋ ಸೋಲಿಗೋ ಪುಡಿ ಕುಟ್ಟಿದಳು. ಹಸು ಅವಳ ಬೆನ್ನು ನೆಕ್ಕಿತು. ಬೈದಳೇ ಹೊರತು ಏಳಲಿಲ್ಲ.

ಭಾನುವಾರ ಮತ್ತೆ ಅಂಗಳ. ಈ ಸಲ ನಾನು ಅಯಸ್ಕಾಂತಕ್ಕೆ ಒಂದು ದಾರ ಕಟ್ಟಿ ಸಡಿಲ ಬಿಟ್ಟಿದ್ದೆ, ಹಿಡಿದು ಎತ್ತಲು ಸುಲಭವಾಗಲಿ ಎಂದು; ನಿಲ್ಲಿಸುವಾಗ ದಾರವನ್ನು ಯಾರೂ ಮುಟ್ಟುವುದಿಲ್ಲ ಎಂದು ಅಮ್ಮನಿಗೆ ಮೊದಲೇ ಹೇಳಿದ್ದೆ. ನೈಟ್ರೋಜನ್ ಕುದಿದು ಶಾಂತವಾಯಿತು. ಅಯಸ್ಕಾಂತವನ್ನು ಮೆಲ್ಲಗೆ ಒತ್ತಿ ಬಿಟ್ಟೆ.

ಅದು ಕೂರಲಿಲ್ಲ. ಬಿಲ್ಲೆಗಿಂತ ಬೆರಳಗಲ ಮೇಲೆ, ಹೊಗೆಯ ನಡುವೆ, ಸುಮ್ಮನೆ ನಿಂತಿತು.

ಹರಿ "ಅಯ್ಯೋ ಅಯ್ಯೋ" ಎಂದು ಅಂಗಳದಲ್ಲೇ ಕುಣಿದ. ನಾನೂ ಕುಣಿದೆ. ಅಪ್ಪ ಅಯಸ್ಕಾಂತಕ್ಕೂ ಬಿಲ್ಲೆಗೂ ನಡುವೆ ಊದುಬತ್ತಿಯ ಕಡ್ಡಿ ತೂರಿಸಿ ನೋಡಿದ, ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ಬಂತು. ಅಮ್ಮ ಎಲ್ಲರನ್ನೂ ತಳ್ಳಿಕೊಂಡು ಬಂದು ಬೆರಳ ತುದಿಯಲ್ಲಿ ಅದನ್ನು ಮುಟ್ಟಿದಳು. ಗಿರ್ರನೆ ತಿರುಗಿತು. ಇನ್ನೊಮ್ಮೆ ಮುಟ್ಟಿದಳು, ಇನ್ನೂ ಜೋರಾಗಿ ತಿರುಗಿತು. ನಮ್ಮಮ್ಮ ಕಿಲಕಿಲ ನಗುವುದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದು ಅಂದು.

"ದಾರ ಹಿಡ್ದು ಎತ್ತು ನೋಡಾನ" ಎಂದೆ. ಎತ್ತಿದಳು. ಕೆಳಗಿನ ಕಪ್ಪು ಬಿಲ್ಲೆಯೂ ಹಿಂದೆಯೇ ಎದ್ದು ಬಂತು, ತಾಗದೆ, ನಡುವೆ ತೆರಪು ಬಿಟ್ಟುಕೊಂಡೇ ತೂಗಾಡಿತು.

"ಇದ್ಯಾಕ್ಲಾ ಬಿಡ್ತಾ ಇಲ್ಲ?" ಅಮ್ಮ ಕೇಳಿದ್ದು ಹರಿಯನ್ನು. ಯಾರನ್ನು ಕೇಳುತ್ತಿದ್ದೇನೆ ಎಂದು ಸಂತೋಷದಲ್ಲಿ ಅವಳಿಗೆ ಗೊತ್ತಾಗಲಿಲ್ಲ.

ಅವನು ನನ್ನ ಕಡೆ ನೋಡಿದ. ನಾನೇ ಹೇಳಿದೆ, "ಒಳಗೆ ಅಲ್ಲಲ್ಲಿ ಊನ ಅದೆಯಮ್ಮ, ಬೇಡದ ಕಣ ಸೇರ್ಕೊಂಡವೆ. ಮ್ಯಾಗ್ನೆಟ್ಟಿನ ಬಲ ಅಲ್ಲಿ ಸಿಕ್ಕಾಕ್ಕೊಂತದೆ. ಪೂರಾ ಚೊಕ್ಕವಾಗಿದ್ದಿದ್ರೆ ಹಿಂಗೆ ಹಿಡ್ಕೊಳ್ತಿರ್ಲಿಲ್ಲ, ಜಾರಿ ಬಿದ್ದೋಗ್ತಿತ್ತು."

ಅಮ್ಮ ಕೇಳಿಸಿಕೊಂಡಳೋ ಇಲ್ಲವೋ. "ಇಲ್ನೋಡ್ರೀ, ಇಲ್ನೋಡ್ರೀ" ಎನ್ನುತ್ತ ಬಿಲ್ಲೆಯನ್ನು ತೂಗಾಡಿಸಿಕೊಂಡು ಅಪ್ಪನ ಹತ್ತಿರ ಓಡಿದಳು. ನೈಟ್ರೋಜನ್ನಿನಿಂದ ಹೊರಗೆ ಬಂದದ್ದು ಎಷ್ಟು ಹೊತ್ತು ತಣ್ಣಗಿದ್ದೀತು? ಬಿಲ್ಲೆ ನಡುಗಿತು, ವಾಲಿತು.

"ಬೀಳ್ತದೆ, ಹಿಡ್ಕಳಪ್ಪಾ" ಎಂದು ಅಮ್ಮ ಕೂಗಿದಳು.

ಹರಿ ಆಗಲೇ ಕೈಗವಸು ಬಿಚ್ಚಿಟ್ಟಿದ್ದ. ಆ ತಣುವು ಎಂಥದ್ದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿರಲಿಲ್ಲ, ಆದರೂ ಕಲ್ಲುಚಪ್ಪಡಿಯ ಮೇಲೆ ಬಿದ್ದು ಚೂರಾದರೆ ತನ್ನ ಬಾಳೇ ಚೂರಾದೀತು ಎಂಬಂತೆ ಬರಿಗೈ ಬೊಗಸೆಯೊಡ್ಡಿ ಹಿಡಿದ. ಹಿಡಿದವನು ಬಿಡಲೂ ಇಲ್ಲ, ಹೋಗಿ ಮೆತ್ತಗೆ ಥರ್ಮಾಕೋಲಿನ ಮೇಲೆ ಇಟ್ಟ. ಆಮೇಲೆ ಅಲ್ಲೇ ಕುಸಿದು ಕೂತ. ಎರಡೂ ಅಂಗೈಯಲ್ಲಿ ದುಂಡಗೆ ಬೆಳ್ಳಗಾಗಿತ್ತು.

"ಉಗುರುಬೆಚ್ಚನೆ ನೀರು ಬೇಕು" ಎಂದೆ. ಅಮ್ಮ ಹಂಡೆಯಿಂದ ಚೊಂಬು ತುಂಬಿಕೊಂಡು ಓಡಿ ಬಂದಳು. ಅವನ ಮುಂದೆ ಕೂತು, ಆ ಎರಡು ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಬುದ್ಧಿ ಬೇಡ್ವೇನಪ್ಪಾ? ಕಲ್ಲೋದ್ರೆ ಇನ್ನೊಂದು ಕಲ್ಲು ಕುಟ್ಕೊಡ್ತಿದ್ದೆ ನಾನು."

"ಏನಾಗಿಲ್ಲ ಬಿಡಿ ಅತ್ತೆ" ಎಂದ ಅವನು, ಹಲ್ಲು ಕಚ್ಚಿಕೊಂಡು.

"ಏನ್ ನೋಡ್ತಾ ನಿಂತಿದ್ದೀಯೆ?" ಎಂದು ಅಮ್ಮ ನನ್ನನ್ನು ಗದರಿದಳು. "ನಡುಗ್ತಾ ಅವೆ ಕೈ. ಕೆಳಗಿಂದ ಗಟ್ಟಿಯಾಗಿ ಹಿಡ್ಕೊ, ನೀರು ಹುಯ್ತೀನಿ."

ನಾನು ಅವನ ಬೊಗಸೆಯ ಕೆಳಗೆ ನನ್ನ ಬೊಗಸೆ ಕೊಟ್ಟೆ. ಅಮ್ಮ ಚೊಂಬು ಬಗ್ಗಿಸಿದಳು. ನೀರು ಅವನ ಕೈ ತುಂಬಿ ನನ್ನ ಕೈಗೆ ಇಳಿದು ನೆಲಕ್ಕೆ ಹರಿಯಿತು.

ಹಿಂದೆ ನಿಂತಿದ್ದ ಅಪ್ಪ ನಿಧಾನವಾಗಿ ಕೇಳಿದ, "ಶ್ಯಾಮಲಾ, ಏನ್ ಮಾಡ್ತಾ ಇದ್ದೀಯ ಗೊತ್ತಾ ನೀನು? ಧಾರೆ ಎರೀತಾ ಇದ್ದೀಯ."

ಅಮ್ಮನ ಚೊಂಬು ನಿಂತಿತು. ಅವಳು ಒಂದರ ಮೇಲೊಂದು ಇದ್ದ ನಮ್ಮ ಕೈಗಳನ್ನು ನೋಡಿದಳು, ಹರಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಬಂದು ನೀವೂ ಚೊಂಬು ಹಿಡ್ಕೊಳ್ರೀ ಮತ್ತೆ" ಎಂದಳು ಅಮ್ಮ, ಉಳಿದ ನೀರು ಹುಯ್ಯುತ್ತ. "ಒಬ್ಬಳೇ ಎರಿಯೋಕಾಗ್ತದಾ?"