ತೀರಿಹೋದ ಅಮ್ಮನ ತೆರಿಗೆ

ಶುಕ್ರವಾರ ಮಧ್ಯಾಹ್ನ. ಗಲ್ಫ್‌ನ ಮಹಬೂಲಾ ಪೇಟೆಯ ಮೇಲೆ ಧೂಳುಗಾಳಿ ಕವಿದು ಹಗಲೇ ಕೆಂಪಗೆ ಕತ್ತಲಾಗಿತ್ತು. ಎದುರಿನ ಕಟ್ಟಡ ಕಾಣುತ್ತಲೇ ಇರಲಿಲ್ಲ. ಶುವೈಖ್‌ನ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿರುವ ಸುಕೇಶ್ ಊಟ ಮುಗಿಸಿ ಕೈ ತೊಳೆಯುತ್ತಿದ್ದ. ದೇವರ ಕಪಾಟಿನೊಳಗಿಂದ ಟಣ್ ಎಂದು ಸದ್ದಾಯಿತು.

“ಪಪ್ಪಾ, ಅಜ್ಜೀಸ್ ಫೋನ್!” ಎಂದು ಮಗಳು ಶರಣ್ಯಾ ಎದ್ದು ನಿಂತಳು.

ಅಜ್ಜಿ ಉಮಾವತಿ ತೀರಿಕೊಂಡು ವರ್ಷ ಕಳೆದಿತ್ತು. ಬದುಕಿದ್ದಾಗ ಪ್ರತಿ ಶುಕ್ರವಾರ ಇದೇ ಹೊತ್ತಿಗೆ ಕರೆ ಮಾಡಿ, “ಊಟ ಆಯ್ತಾ ಮಗಾ?” ಎಂದು ಕೇಳುತ್ತಿದ್ದರು. ಅವರ ಫೋನನ್ನು ಸುಕೇಶ್ ಊರಿಂದ ತಂದಿಟ್ಟುಕೊಂಡಿದ್ದ. ಈಗ ಅದಕ್ಕೆ ಸಂದೇಶ ಬಂದರೆ ಶುಕ್ರವಾರವೇ ಬರುತ್ತಿತ್ತು, ಊಟದ ಹೊತ್ತಿಗೇ.

ಹೆಂಡತಿ ಅನ್ವಿತಾ ಓದಿದಳು. ‘ಪ್ರಿಯ ಉಮಾವತಿ, ನಿಮ್ಮ ಠೇವಣಿಯ ಬಡ್ಡಿಯಿಂದ ತೆರಿಗೆ ಕಡಿತವಾಗಿದೆ.’

“ನನಗೆ ಹೆದರಿಕೆ ಆಗ್ತದೆ. ತೀರಿಹೋದವರಿಗೆ ಎಂತ ತೆರಿಗೆ?” ಎಂದಳು.

ಬ್ಯಾಂಕಿಗೆ ವಿಷಯ ತಿಳಿದಿದ್ದರೆ ತಾನೆ? ಹೊರದೇಶದಲ್ಲಿರುವ ತನ್ನ ಹೆಸರಿನಲ್ಲಿಟ್ಟರೆ ಬಡ್ಡಿಗೆ ಹೆಚ್ಚು ತೆರಿಗೆ ಹಿಡಿಯುತ್ತಾರೆಂದು ಸುಕೇಶ್ ಉಳಿತಾಯವನ್ನೆಲ್ಲ ಅಮ್ಮನ ಹೆಸರಿನಲ್ಲಿ ಇಟ್ಟಿದ್ದ. ಗಲ್ಫ್‌ನಲ್ಲಿ ಈ ಜಾಣತನಕ್ಕೆ ಬರಗಾಲವಿಲ್ಲ. ಅಮ್ಮ ಹೋದದ್ದನ್ನು ಹೇಳಿದರೆ ಠೇವಣಿ ಬ್ಯಾಂಕಿನಲ್ಲೇ ಸಿಕ್ಕಿಹಾಕಿಕೊಂಡು ಶರಣ್ಯಾಳ ನರ್ಸಿಂಗ್ ಸೀಟು ಕೈತಪ್ಪೀತೆಂದು ಬಾಯಿ ಮುಚ್ಚಿಕೊಂಡಿದ್ದ.

“ಕಡಿದದ್ದನ್ನು ಅಮ್ಮನ ಹೆಸರಲ್ಲೇ ವಾಪಸ್ ಕೇಳ್ತೇನೆ. ಒಟಿಪಿ ಈ ಫೋನಿಗೇ ಬರ್ತದೆ” ಎಂದು ಲ್ಯಾಪ್‌ಟಾಪ್ ತೆರೆದ. ಕೊನೆಗೆ ಪರದೆಯ ಮೇಲೆ ಒಂದು ಸಾಲು ಬಂತು: ‘ಉಮಾವತಿ ಎಂಬ ನಾನು ಇದೆಲ್ಲ ಸತ್ಯವೆಂದು ದೃಢೀಕರಿಸುತ್ತೇನೆ.’

ಸುಕೇಶನ ಬೆರಳು ಅಲ್ಲೇ ನಿಂತಿತು. ಆಗಲೇ ಅಮ್ಮನ ಫೋನು ರಿಂಗಾಯಿತು. ನಂಬರ್ ಕಾಣಲಿಲ್ಲ. ಎತ್ತಿದರೆ ಬರೀ ಗಾಳಿಯ ಸದ್ದು.

ಅಷ್ಟರಲ್ಲಿ ಬಾಗಿಲು ಬಡಿದ ಶಬ್ದ. ಪಕ್ಕದ ಫ್ಲಾಟಿನ ಆಲಿವ್, ಎಗೈಲಾದ ಕಂಪನಿಯೊಂದರಲ್ಲಿ ಅಕೌಂಟೆಂಟ್, ಕಿಟಕಿ ಸಂದಿಗೆ ಹಚ್ಚಲು ಟೇಪ್ ಕೇಳಿಕೊಂಡು ಬಂದಿದ್ದಳು. ಇವರ ಮುಖ ನೋಡಿ ಒಳಗೆ ಬಂದು ಪರದೆಯನ್ನು ಓದಿದಳು.

“ಸುಕೇಶಣ್ಣ, ಒತ್ತಬೇಡಿ! ತೀರಿಹೋದವರು ಸೈನ್ ಹಾಕ್ಲಿಕ್ಕೆ ಉಂಟಾ?”

“ಹಾಗಾದ್ರೆ ಕಡಿದದ್ದು ಖಲಾಸ್ ಅಲ್ವಾ?” ಎಂದ ಸುಕೇಶ್.

“ಇಲ್ಲ ಮಾರಾಯ್ರೆ. ಅದು ಅವರ ಪ್ಯಾನ್ ನಂಬರಿಗೆ ಜಮೆ ಆಗಿರ್ತದೆ. ವರ್ಷದ ಒಟ್ಟು ಆದಾಯಕ್ಕೆ ನಿಜವಾಗಿ ಎಷ್ಟು ತೆರಿಗೆ ಬರ್ತದೆ ಅಂತ ಮೊದಲು ನೋಡ್ಬೇಕು. ಕಡಿದದ್ದು ಅದಕ್ಕಿಂತ ಜಾಸ್ತಿ ಇದ್ರೆ ಉಳಿದದ್ದು ವಾಪಸ್. ಆದಾಯ ಮಿತಿಯ ಒಳಗೆ ಇದ್ರೆ ಪೂರ್ತಿ ವಾಪಸ್.”

“ಕೇಳುವವರು ಯಾರು? ಅಮ್ಮ ಇಲ್ಲ.”

“ನೀವು. ವಾರಸುದಾರ ಅಂತ ತೆರಿಗೆ ಇಲಾಖೆಯ ವೆಬ್‌ಸೈಟಲ್ಲಿ ಹೆಸರು ಹಾಕಿಸಿ. ಅವರು ಹೋದ ದಿನದವರೆಗಿನ ಬಡ್ಡಿ ಅವರ ಲೆಕ್ಕ, ಆಮೇಲಿನದ್ದು ನಿಮ್ಮದು. ಬ್ಯಾಂಕಿಗೆ ಬರೆದು ಕೊಟ್ರೆ ಆ ಕಡಿತವನ್ನೂ ನಿಮ್ಮ ಪ್ಯಾನಿಗೆ ತೋರಿಸ್ತಾರೆ.”

“ಇವರ ಹೆಸರಲ್ಲಿ ಜಾಸ್ತಿ ಹಿಡೀತಾರಂತಲ್ಲ?” ಎಂದಳು ಅನ್ವಿತಾ.

“ಹಿಡೀಲಿ. ಹಿಡಿದದ್ದೆಲ್ಲ ತೆರಿಗೆ ಅಲ್ಲ. ರಿಟರ್ನ್ ಹಾಕದವರಿಗೆ ಮಾತ್ರ ನಷ್ಟ. ಠೇವಣಿಗೆ ನಾಮಿನಿ ಇವರೇ ಅಲ್ವಾ? ನಿಜ ಹೇಳಿದ್ರೆ ಸಿಕ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ರೆ ಮಗಳ ಸೀಟೂ ಹೋದೀತು.”

ಸುಕೇಶ್ ಲ್ಯಾಪ್‌ಟಾಪ್ ಮುಚ್ಚಿದ. ಫೋನನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟ. “ಅಮ್ಮಾ, ಸತ್ತ ಮೇಲೂ ನಿನ್ನನ್ನು ದುಡಿಸಿದೆ.”

ಭಾನುವಾರವೇ ಬ್ಯಾಂಕಿಗೆ ಇಮೇಲ್ ಬರೆದ. ಓಡಾಟವೇನೋ ಆಯಿತು, ಆದರೆ ಠೇವಣಿ ಬಂತು. ರಿಟರ್ನ್ ಹಾಕಿದ ಮೇಲೆ ಹೆಚ್ಚಿಗೆ ಕಡಿದ ತೆರಿಗೆಯೂ ಮರಳಿತು. ಶರಣ್ಯಾ ಕಾಲೇಜು ಸೇರಿದಳು. ಅಮ್ಮನ ಸಿಮ್ ತೆಗೆದು ಖಾಲಿ ಫೋನನ್ನು ಕಪಾಟಿನಲ್ಲಿಟ್ಟರು.

ಸಿಮ್ ತೆಗೆದ ಮೇಲಿನ ಮೊದಲ ಶುಕ್ರವಾರ, ಊಟದ ಹೊತ್ತಿಗೆ ಆ ಫೋನು ಮತ್ತೆ ಟಣ್ ಎಂದಿತು. ಅನ್ವಿತಾ ಗಂಡನ ಕೈ ಹಿಡಿದಳು. ಸುಕೇಶ್ ಕಪಾಟಿನ ಕಡೆ ನೋಡಿ ಮೆಲ್ಲನೆ ಹೇಳಿದ, “ಊಟ ಆಯ್ತಮ್ಮಾ.”

ನಿಮ್ಮ ಮನೆಯಲ್ಲೂ ತೀರಿಹೋದವರ ಹೆಸರಿನಲ್ಲಿ ಬಡ್ಡಿ ಬೆಳೆಯುತ್ತಿದೆಯೇ? ಇವತ್ತೇ ಬ್ಯಾಂಕಿಗೆ ತಿಳಿಸಿ. ನಿಮ್ಮ ಪ್ಯಾನಿಗೆ ಎಷ್ಟು ತೆರಿಗೆ ಜಮೆಯಾಗಿದೆ ನೋಡಿ, ರಿಟರ್ನ್ ಹಾಕಿ, ಹೆಚ್ಚಾದದ್ದನ್ನು ಕೇಳಿ ಪಡೆಯಿರಿ. ಹೋದವರ ಹೆಸರಿನಲ್ಲಿ ಮಾತ್ರ ಸಹಿ ಹಾಕಬೇಡಿ. ಅವರು ನಮಗಾಗಿ ದುಡಿದದ್ದು ಸಾಕು.