ಬೇಲಿಬಾಗಿಲ ಬಲಕ್ಕೆ

ಕಣಜದ ಅಡಿಯಲ್ಲಿ ಸುತ್ತಿಟ್ಟಿದ್ದ ಬಲೆಯನ್ನು ಎಳೆಯಲು ಅವೂರ್ ಕೈ ಹಾಕಿದಾಗ ಸಿಕ್ಕಿದ್ದು ಬಲೆಯಲ್ಲ, ಗೋಣಿಯಲ್ಲಿ ಸುತ್ತಿದ ಏನೋ ಒಂದು ಭಾರ. ಬೆಳಗಿನ ಒಮೇನ ಮೀನು ಬುಟ್ಟಿಯಲ್ಲಿ ಕಾಯುತ್ತಿತ್ತು. ಬಿಸಿಲೇರುವ ಮೊದಲೇ ಬಲೆಯ ಮೇಲೆ ಹರಡದಿದ್ದರೆ ಸಂಜೆಯೊಳಗೆ ಒಣಗುವುದಿಲ್ಲ. ಆದರೂ ಅವಳು ಗೋಣಿಯ ಬಾಯಿ ಬಿಚ್ಚಿದಳು. ಒಳಗೆ ಯಾಗೊ ಮರದ ಕಾಯಿ. ಮೊಳದುದ್ದ, ಬೂದು ಬಣ್ಣ. ತೊಟ್ಟಿನಲ್ಲಿ ಇನ್ನೂ ಅಂಟು ಇತ್ತು.

ಆ ಕಾಯಿಯನ್ನು ಹೀಗೆ ಗೋಣಿಯಲ್ಲಿ ಸುತ್ತಿ ಮನೆಗೆ ತರುವುದು ಒಂದೇ ಕಾರಣಕ್ಕೆ. ಸರೋವರದಲ್ಲಿ ಮುಳುಗಿ ಹೆಣ ಸಿಗದವನಿಗೆ, ದೂರ ಹೋಗಿ ಮರಳದವನಿಗೆ, ಅವನ ಬದಲು ಅದನ್ನು ಮಣ್ಣು ಮಾಡುತ್ತಾರೆ. ಅತ್ತು ಮುಗಿಸುತ್ತಾರೆ. ಅಲ್ಲಿಂದ ಮುಂದೆ ಮನೆಯ ಉಳಿದ ಕೆಲಸಗಳು ನಡೆಯುತ್ತವೆ.

ಕಿರಿಯ ಮಗ ಓಜ್ವಾಂಗ್ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದವನು ಅವ್ವನ ಮುಂದೆ ಬಿಚ್ಚಿದ ಗೋಣಿ ನೋಡಿ ನಿಂತುಬಿಟ್ಟ.

"ಇದನ್ನ ಯಾರು ತಂದಿದ್ದು?" ಅವೂರ್ ಕೇಳಿದಳು.

ಅವನು ಉಗುಳಿ ಬಾಯಿ ಒರೆಸಿಕೊಂಡ. "ದೊಡ್ಡಪ್ಪ ಹೇಳಿದ್ರು. ನಾನು ಕಿತ್ತು ತಂದೆ."

"ನನ್ನ ಒಂದು ಮಾತು ಕೇಳದೆ?"

"ಕೇಳಿದ್ರೆ ಏನಂತಿದ್ದೆ ಅಂತ ಗೊತ್ತಿತ್ತಲ್ಲವ್ವ."

ಅವಳು ಗೋಣಿಯನ್ನು ಮತ್ತೆ ಸುತ್ತಿ, ಬಲೆ ಎಳೆದು, ಮೀನು ಹರಡತೊಡಗಿದಳು. ಬೆರಳಷ್ಟೂ ಉದ್ದವಿಲ್ಲದ ಬೆಳ್ಳಿಯಂಥ ಮೀನುಗಳು ಒಂದರ ಮೇಲೊಂದು ಬೀಳದ ಹಾಗೆ ಹರಡಲು ತಾಳ್ಮೆ ಬೇಕು. ಅವಳ ಕೈ ತಾನಾಗಿ ಕೆಲಸ ಮಾಡುತ್ತಿತ್ತು.

ಹಿರಿಯ ಮಗ ಒಡೇರ ಹೋಗಿ ಮೂರು ವರ್ಷ ನಾಲ್ಕು ತಿಂಗಳು. ಹೋದ ಎನ್ನುವುದೂ ಸರಿಯಲ್ಲ, ಅವನನ್ನು ಒಯ್ದರು. ಸರೋವರದ ದಂಡೆಯ ಕಿಸುಮು ಪಟ್ಟಣದಲ್ಲಿ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂದು ಸಣ್ಣ ಸಂಘವಿತ್ತು. ಜನ ಅದನ್ನು ಹಕ್ಕಿನ ಕಚೇರಿ ಎನ್ನುತ್ತಿದ್ದರು. ಮೆರವಣಿಗೆಗೆ ಹೋಗಿ ಕಾಣೆಯಾದವರು, ಸಂಜೆ ಹಾಲು ತರಲು ಹೋಗಿ ಬಾರದವರು, ಅಂಥವರ ಹೆಸರುಗಳನ್ನು ಒಡೇರ ಮನೆಮನೆಗೆ ಹೋಗಿ ಬರೆದುಕೊಂಡು ಬರುತ್ತಿದ್ದ. ಒಂದು ದಿನ ಬ್ರೆಡ್ಡು ತರಲು ಕೆಳಗಿಳಿದ. ನಂಬರ್ ಪ್ಲೇಟ್ ಇಲ್ಲದ ಬಿಳಿ ಕಾರು ನಿಂತಿತ್ತು ಎಂದು ದರ್ಜಿ ಹೇಳಿದ. ಅಷ್ಟೇ ಗೊತ್ತಿರುವುದು.

ಮಧ್ಯಾಹ್ನ ಭಾವ ಓಬುಯ ಬಂದರು. ತೀರಿಹೋದ ಗಂಡನ ಅಣ್ಣ, ಕುಲದ ಹಿರಿಯರು. ಕೋಟಿನ ಜೇಬಿನಲ್ಲಿ ಸದಾ ರೇಡಿಯೊ, ಕೈಯಲ್ಲಿ ಕೋಲು. ಅವೂರ್ ಚಹಾ ಕೊಟ್ಟಳು.

"ನಿನ್ನ ಚಹಾದಲ್ಲಿ ಹಾಲು ಹುಡುಕೋಕೆ ದೋಣಿ ಹಾಕ್ಕೊಂಡು ಹೋಗಬೇಕು ಕಣಮ್ಮ," ಎಂದರು ಓಬುಯ.

"ನಮ್ಮ ಹಸು ನಿಮ್ಮ ತಮ್ಮನ ಹಾಗೇ ಭಾವ. ತಿನ್ನೋಕೆ ಮುಂದೆ, ಕೊಡೋಕೆ ಹಿಂದೆ."

ಅವರು ನಕ್ಕರು. ಆಮೇಲೆ ರೇಡಿಯೊ ಆರಿಸಿದರು. ಅದು ಆರಿದರೆ ಮಾತು ದೊಡ್ಡದು ಎಂದೇ ಅರ್ಥ.

"ಒಡೇರನ ಅವ್ವ, ನಾನು ನಿನ್ನ ಶತ್ರುವಲ್ಲ. ಆ ಹುಡುಗಿ ರಿಸ್ಪರ್ ಐದು ತಿಂಗಳ ಬಸುರಿ. ತೌರಿನಲ್ಲಿ ಕೂತಿದಾಳೆ. ಓಜ್ವಾಂಗ್ ಅವಳನ್ನ ಕರ್ಕೊಂಡು ಬರೋಕೆ ಅವನಿಗೊಂದು ಮನೆ ಬೇಕು. ಅಣ್ಣನ ಮನೆ ಏಳದೆ ತಮ್ಮನ ಮನೆ ಏಳೋ ಹಾಗಿಲ್ಲ. ಒಂದೋ ಅಣ್ಣ ಬರಬೇಕು, ಇಲ್ಲಾ ಅಣ್ಣ ಇಲ್ಲ ಅಂತ ಆಗಬೇಕು. ಎರಡೂ ಆಗದೆ ಇದ್ರೆ ಆ ಮಗು ಎಲ್ಲಿ ಹುಟ್ಟಬೇಕು?"

"ಅವನಿಲ್ಲ ಅಂತ ನಿಮಗೆ ಯಾರು ಹೇಳಿದ್ರು?"

"ಇದಾನೆ ಅಂತ ನಿನಗೆ ಯಾರು ಹೇಳಿದ್ರು?"

ಓಬುಯ ಲೋಟ ಕೆಳಗಿಟ್ಟರು. "ಶನಿವಾರ ಮಾಡೋಣ. ನಿನ್ನ ಒಪ್ಪಿಗೆ ಇಲ್ಲದೆ ಗುಂಡಿ ತೋಡಲ್ಲ. ಆದ್ರೆ ಯೋಚನೆ ಮಾಡು."

ಅವರು ಹೋದ ಮೇಲೆ ಓಜ್ವಾಂಗ್ ಬಾಗಿಲಿಗೊರಗಿ ನಿಂತ. ಇಪ್ಪತ್ತೆಂಟರ ಗಂಡಸು, ಇನ್ನೂ ಅವ್ವನ ಅಡುಗೆಮನೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗುವವನು. ಗೆಳೆಯರೆಲ್ಲ ಅದನ್ನು ಹೇಳಿ ನಗುತ್ತಿದ್ದರು.

"ಇಲ್ಲಿ ಇರೋನು ನಾನವ್ವ," ಎಂದ. "ನೀರು ತರೋನು, ಬಲೆ ಹೊಲಿಯೋನು. ಒಂದ್ಸಲ ನನ್ನ ಕಡೆನೂ ನೋಡು."

ಅವೂರ್ ನೋಡಿದಳು. ಅವನ ಗಲ್ಲದಲ್ಲಿ ಒಂದೆರಡು ಬಿಳಿ ಕೂದಲು ಬಂದಿದ್ದನ್ನು ಅವಳು ಗಮನಿಸಿಯೇ ಇರಲಿಲ್ಲ.

ಸಂಜೆ ಮೀನು ತೆಗೆದಿಡುವಾಗ ಅವಳು ಕಾಯಿಯನ್ನು ಮತ್ತೆ ಎತ್ತಿದಳು. ಸುಮ್ಮನೆ ಎತ್ತಿದ್ದು. ಆದರೆ ತೋಳಿಗೆ ಆ ಭಾರ ಗೊತ್ತಿತ್ತು. ಒಡೇರ ಹುಟ್ಟಿದಾಗ ಇಷ್ಟೇ ಇದ್ದ. ಆಸ್ಪತ್ರೆಯ ನರ್ಸು ತಕ್ಕಡಿಯಲ್ಲಿಟ್ಟು, "ಏನಮ್ಮಾ, ಕಲ್ಲು ಹೆತ್ತಿದೀಯಾ?" ಎಂದು ತಮಾಷೆ ಮಾಡಿದ್ದಳು. ಅವೂರ್ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೂಳಿಬಿಟ್ಟರೆ ಕೂರಲು ಒಂದು ಜಾಗವಾದರೂ ಸಿಗುತ್ತಿತ್ತು. ಕಸ ಗುಡಿಸಬಹುದಿತ್ತು, ಹುಲ್ಲು ಕೀಳಬಹುದಿತ್ತು. ಇವತ್ತು ಮೀನಿಗೆ ಬೆಲೆ ಬಂತು ಕಣೋ ಎಂದು ಹೇಳಬಹುದಿತ್ತು. ಭಾವನವರು ಹೇಳುವ ಮೊದಲೇ ಆ ಆಸೆ ಅವಳೊಳಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಗುರುವಾರ ಹಕ್ಕಿನ ಕಚೇರಿಯಲ್ಲಿ ಕಾಣೆಯಾದವರ ಮನೆಯವರ ಸಭೆ. ತಿಂಗಳಿಗೊಮ್ಮೆ ಅವಳು ತಪ್ಪದೆ ಹೋಗುತ್ತಿದ್ದಳು. ಕಾಯಿಯನ್ನು ಮನೆಯಲ್ಲಿ ಬಿಡಲು ಮನಸ್ಸು ಬರಲಿಲ್ಲ. ಭಾವನವರ ಮಾತಿನ ಮೇಲೆ ನಂಬಿಕೆಯಿತ್ತು, ಓಜ್ವಾಂಗ್‌ನ ಅವಸರದ ಮೇಲೆ ಇರಲಿಲ್ಲ. ಹಳೆಯ ಹೂವಿನ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಮಟಾಟು ವ್ಯಾನು ಹತ್ತಿದಳು.

ಮೂವರ ಸೀಟಿನಲ್ಲಿ ನಾಲ್ಕು ಜನ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದುಕೊಂಡೇ ಕೂಗಿದ, "ಅಜ್ಜೀ, ಮೊಮ್ಮಗು ಜೋರಾಗಿದೆ! ಅದಕ್ಕೂ ಅರ್ಧ ಟಿಕೆಟ್ ಆಗುತ್ತೆ ನೋಡು!"

ವ್ಯಾನಿನಲ್ಲಿದ್ದವರು ನಕ್ಕರು. ಪಕ್ಕದ ಹೆಂಗಸು, "ಉಸಿರು ಕಟ್ಟೀತು ಕಣಮ್ಮ, ಮುಖದ ಬಟ್ಟೆ ಸರಿಸು," ಎಂದು ತಾನೇ ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಬಟ್ಟೆಯನ್ನು ಮೊದಲಿದ್ದ ಹಾಗೇ ಮುಚ್ಚಿದಳು.

"ಯಾರು?" ಎಂದಳು ಮೆಲ್ಲಗೆ.

"ಹಿರಿಯ ಮಗ. ಇನ್ನೂ ಗೊತ್ತಿಲ್ಲ."

ಕಂಡಕ್ಟರ್ ಹಾಡು ನಿಲ್ಲಿಸಲು ಡ್ರೈವರನಿಗೆ ಸನ್ನೆ ಮಾಡಿದ. ಇಳಿಯುವಾಗ ಅವಳ ಮೊಣಕೈ ಹಿಡಿದು ಇಳಿಸಿ, "ಬೈಕೋಬೇಡ ಅಮ್ಮ," ಎಂದ.

"ನೀನೇನು ಮಾಡಿದೆ? ಟಿಕೆಟ್ ತಾನೇ ಕೇಳಿದ್ದು," ಎಂದಳು ಅವೂರ್.

ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಬೆಂಚುಗಳು ತುಂಬಿದ್ದವು. ಕಚೇರಿಯನ್ನು ಈಗ ನೋಡಿಕೊಳ್ಳುವವಳು ನೆಕೇಸಾ, ಬುಂಗೋಮ ಕಡೆಯ ಹುಡುಗಿ. ಒಡೇರನ ಜೊತೆ ಕೆಲಸ ಮಾಡಿದವಳು. ಸಭೆ ಶುರುವಾಗುವುದು ಹೆಸರು ಕೂಗುವುದರಿಂದ. ಒಡೇರನೇ ಹಾಕಿಕೊಟ್ಟ ಪದ್ಧತಿ. ಒಂದೊಂದು ಹೆಸರು ಕರೆದಾಗಲೂ ಆ ಮನೆಯವರು ಎದ್ದು ನಿಂತು, "ಇನ್ನೂ ಬಂದಿಲ್ಲ," ಎನ್ನಬೇಕು. ಸತ್ತ ಎನ್ನುವಂತಿಲ್ಲ, ಕಣ್ಣಾರೆ ನೋಡುವವರೆಗೆ.

"ಒಡೇರ," ಎಂದು ನೆಕೇಸಾ ಕರೆದಳು.

ಅವೂರ್ ಎದ್ದು ನಿಂತಳು. ಬಾಯಿ ತೆರೆದಳು. ನಲವತ್ತು ಸಲ ಹೇಳಿದ ಎರಡು ಮಾತನ್ನು ಹೇಳದೆ, ಬಟ್ಟೆಯ ಗಂಟನ್ನು ಎದೆಗವಚಿಕೊಂಡಳು. ನೆಕೇಸಾ ಕಾದಳು. ಕೆಳಗೆ ಹೊಲಿಗೆ ಮೆಷಿನ್ನಿನ ಸದ್ದು. ಅವೂರ್ ಹಾಗೆಯೇ ಕುಳಿತುಬಿಟ್ಟಳು.

ಸಭೆ ಮುಗಿದು ಎಲ್ಲರೂ ಇಳಿದು ಹೋದ ಮೇಲೆ ನೆಕೇಸಾ ಅವಳ ಪಕ್ಕ ಬಂದು ಕೂತಳು. ಬಟ್ಟೆಯೊಳಗಿನದನ್ನು ನೋಡಿದಳು.

"ನಮ್ಮಲ್ಲಿ ಬಾಳೆ ದಿಂಡು ಹೂಳ್ತಾರೆ ಅಮ್ಮ," ಎಂದಳು.

"ಹೂಳಿದ್ರೆ ಏನಾಗುತ್ತೆ, ಅವನನ್ನ ಹುಡುಕಿಕೊಡಿ ಅಂತ ಹಾಕಿರೋ ಕೇಸಿಗೆ?"

ನೆಕೇಸಾ ಉಗುರು ನೋಡಿಕೊಳ್ಳುತ್ತಾ ಹೇಳಿದಳು, "ಮುಂದಿನ ತಿಂಗಳು ಕೋರ್ಟಿನಲ್ಲಿ ಸರ್ಕಾರದ ವಕೀಲರು ಮೊದಲು ಕೇಳೋದೇ ಅದನ್ನ. ಮನೆಯವರೇ ಮಣ್ಣು ಮಾಡಿದಾರೆ, ಇನ್ನು ಯಾರನ್ನ ಹುಡುಕೋದು ಅಂತಾರೆ. ನಾನು ಸುಳ್ಳು ಹೇಳೋಕಾಗಲ್ಲ. ಆದ್ರೆ ಹೂಳಬೇಡಿ ಅಂತ ಹೇಳೋಕೂ ನನಗೆ ಬಾಯಿ ಬರಲ್ಲ. ನಿಮಗೆ ಇನ್ನೊಬ್ಬ ಮಗ ಇದಾನೆ."

"ಹೇಳಬಾರದಾ ಹಾಗಾದ್ರೆ? ಬೇಡ ಅಂತ ಒಂದು ಮಾತು ಹೇಳಿಬಿಟ್ಟಿದ್ರೆ ನಿನ್ನ ಮೇಲೆ ಹಾಕಿ ಸುಮ್ಮನಾಗ್ತಿದ್ದೆ."

"ಅದಕ್ಕೇ ಹೇಳಲ್ಲ," ಎಂದು ನೆಕೇಸಾ ನಕ್ಕಳು, ಕಣ್ಣು ಒರೆಸಿಕೊಂಡಳು.

ಆಮೇಲೆ ಬೀರುವಿನಿಂದ ಒಂದು ದಪ್ಪ ನೋಟ್‌ಬುಕ್ ತಂದಳು. ಒಡೇರನ ಪುಸ್ತಕ. ಪುಟಕ್ಕೊಬ್ಬರು. ಹೆಸರು, ವಯಸ್ಸು, ಕೊನೆಗೆ ಕಂಡದ್ದು ಎಲ್ಲಿ, ತೊಟ್ಟಿದ್ದ ಬಟ್ಟೆ ಯಾವುದು. ಕೊನೆಯ ಸಾಲಿನಲ್ಲಿ, ಬಂದರೆ ಎಲ್ಲಿ ಮಲಗುತ್ತಾರೆ?

"ಈ ಕೊನೇ ಪ್ರಶ್ನೆ ಯಾಕೆ ಅಂತ ನಾನು ಅವನ ಹತ್ರ ಜಗಳ ಆಡ್ತಿದ್ದೆ," ಎಂದಳು ನೆಕೇಸಾ. "ಕೋರ್ಟಿಗೆ ಬೇಡ, ಪೊಲೀಸರಿಗೆ ಬೇಡ. ಅವನು ಏನಂದ ಗೊತ್ತಾ? ಇದನ್ನ ಕೇಳಿದ ದಿನ ಮನೆಯವರು ಹಾಸಿಗೆ ಕೊಡವಿ ಹಾಕ್ತಾರೆ ಕಣೇ, ಅಷ್ಟು ಸಾಕು ಅಂದ."

ಅವೂರ್‌ಗೆ ಓದು ಅಷ್ಟಾಗಿ ಬಾರದು. ಆದರೂ ಮಗನ ದುಂಡನೆಯ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅಡುಗೆಮನೆಯಲ್ಲಿ, ಒಲೆಯ ಪಕ್ಕ. ಅಜ್ಜಿಯ ಮಂಚದ ಮೇಲೆ. ತಮ್ಮನ ಜೊತೆ. ನೆಕೇಸಾ ಒಂದೊಂದನ್ನೇ ಓದಿ ಹೇಳಿದಳು. ಕೊನೆಯ ಪುಟ ಒಡೇರನದೇ, ನೆಕೇಸಾಳ ಕೈಬರಹದಲ್ಲಿ. ಅದರ ಕೊನೆಯ ಸಾಲು ಖಾಲಿ.

"ಅವತ್ತು ನಿಮ್ಮನ್ನ ಕೇಳಿದ್ದೆ. ನೀವು ಏನೂ ಹೇಳಲಿಲ್ಲ."

ನೆನಪಿತ್ತು. ಹೇಳಲು ಏನಿತ್ತು? ಪಟ್ಟಣದಲ್ಲಿ ಅವನಿದ್ದ ಬಾಡಿಗೆ ಕೋಣೆಯನ್ನು ಆ ವಾರವೇ ಬೇರೆಯವರಿಗೆ ಕೊಟ್ಟಿದ್ದರು. ಊರಿನಲ್ಲಿ ಅವನಿಗೊಂದು ಮನೆ ಕಟ್ಟಿಕೊಳ್ಳುವ ಬಿಡುವೇ ಆಗಿರಲಿಲ್ಲ. ಬೇಲಿಬಾಗಿಲ ಬಲಕ್ಕೆ ಹಿರಿಯ ಮಗನ ಜಾಗ. ಅಲ್ಲಿ ಕುರಿ ಕಟ್ಟುತ್ತಿದ್ದರು. ಮೂರು ವರ್ಷದಿಂದ ಅವನು ಬರಲಿ ಬರಲಿ ಎಂದು ಹಂಬಲಿಸಿದವಳು ಅವನಿಗೊಂದು ಚಾಪೆ ಹಾಸುವಷ್ಟು ಜಾಗವನ್ನೂ ಮಾಡಿಟ್ಟಿರಲಿಲ್ಲ.

ಊರಿಗೆ ಬಂದವಳು ನೇರ ಭಾವನ ಅಂಗಳಕ್ಕೆ ಹೋದಳು.

"ಭಾವ, ಗುಂಡಿ ಬೇಡ. ಒಡೇರನ ಮನೆ ಕಟ್ಟೋಣ. ಮೊದಲು ಅವನದು, ಆಮೇಲೆ ಓಜ್ವಾಂಗ್‌ದು."

ಓಬುಯ ರೇಡಿಯೊ ಆರಿಸಿದರು. "ಮನೆ ಕಟ್ಟೋನು ಇರಬೇಕಲ್ಲ? ಮೊದಲ ಕಂಬ ಅವನೇ ನಿಲ್ಲಿಸಬೇಕು. ಇಲ್ಲದೋನು ಕಂಬ ಹೇಗೆ ಹಿಡೀತಾನೆ?"

"ನೀವು ರೈಲ್ವೇಲಿದ್ದಾಗ ನಿಮ್ಮ ಮನೆ ಹೇಗೆ ಎದ್ದಿತು? ನನ್ನ ಮದುವೆಯಾದ ವರ್ಷ. ನೀವು ಮೊಂಬಾಸದಲ್ಲಿದ್ರಿ. ಅತ್ತೆ ನಿಮ್ಮ ಕೋಟನ್ನ ಕಂಬಕ್ಕೆ ತಗುಲಿಹಾಕಿದ್ರು. ನಾನೇ ಮಣ್ಣು ಕಲಸಿದ್ದೆ."

"ನಾನು ಬದುಕಿದ್ದೆ ಮಾರಾಯ್ತಿ! ಪತ್ರ ಬರೀತಿದ್ದೆ!"

"ಎರಡು ವರ್ಷ ಒಂದು ಸಾಲು ಬರೀಲಿಲ್ಲ. ನೀವು ಇನ್ನಿಲ್ಲ ಅಂತ ಊರೆಲ್ಲ ಅಂದ್ರು. ಅತ್ತೆ ಒಬ್ಬರೇ ಒಪ್ಪಲಿಲ್ಲ."

ಓಬುಯ ಕೋಲಿನ ತುದಿಯಿಂದ ನೆಲ ಕೆದಕಿದರು. "ಆ ಕೋಟನ್ನ ಇಲಿ ಕಡಿದಿತ್ತು," ಎಂದರು. "ಅವನದೊಂದು ಕೋಟು ಇದೆಯೇನು?"

"ಸ್ವೆಟರ್ ಇದೆ."

"ಸ್ವೆಟರ್ ಆಗುತ್ತೆ. ಆದ್ರೆ ಮಾತು ನಿಜ ಇರಲಿ. ಹೀಗೆ ಕಟ್ಟಿದ ಮನೇನ ಬೀಳೋಕೆ ಬಿಡೋ ಹಾಗಿಲ್ಲ. ಮಳೆಗಾಲ ಮಳೆಗಾಲಕ್ಕೂ ಮೆತ್ತಬೇಕು. ನಿನ್ನ ಕೈಯಲ್ಲಿ ಆಗುತ್ತಾ?"

"ಆಗುತ್ತೆ."

"ಎಷ್ಟು ವರ್ಷ ಅಂತ ಕೇಳಲ್ಲ ನಾನು," ಎಂದು ರೇಡಿಯೊ ಹಾಕಿದರು.

ಅವಳು ಮನೆಗೆ ಬಂದು ವಿಷಯ ಹೇಳಿದಾಗ ಓಜ್ವಾಂಗ್, "ಕಾಯಿ ಏನು ಮಾಡಲಿ?" ಎಂದಷ್ಟೇ ಕೇಳಿದ.

"ಕಿತ್ತ ಮರದ ಬುಡದಲ್ಲೇ ಇಟ್ಟು ಬಾ."

ಶನಿವಾರ ಬೆಳಿಗ್ಗೆ ಬೇಲಿಬಾಗಿಲ ಬಲಕ್ಕೆ ಕುರಿಗಳನ್ನು ಬಿಚ್ಚಿ, ಜಾಗ ಗುಡಿಸಿ, ಮೊದಲ ಕಂಬ ನಿಲ್ಲಿಸಿದರು. ಮೊಣಕೈ ಹರಿದ ನೀಲಿ ಸ್ವೆಟರನ್ನು ಓಬುಯ ತಮ್ಮ ಕೈಯಾರೆ ಅದಕ್ಕೆ ತೊಡಿಸಿದರು. ಗುಂಡಿ ತೋಡಬೇಕಿದ್ದ ದಾಯಾದಿಗಳೇ ಉಳಿದ ಕಂಬಗಳ ಕುಳಿ ತೋಡಿದರು. ಓಜ್ವಾಂಗ್ ಸಿಟ್ಟಿನಲ್ಲೇ ಕೆಲಸ ಮಾಡಿದ, ಮಣ್ಣುಂಡೆಗಳನ್ನು ಗೋಡೆಗೆ ಹೊಡೆದ ಹಾಗೆ ಎಸೆದ. ಎರಡನೆಯ ವಾರ ಬಾಗಿಲ ಚೌಕಟ್ಟು ಕೂರಿಸುವಾಗ ಬಡಗಿ ಅಳತೆ ಕೇಳಿದ. ಓಜ್ವಾಂಗ್ ಚೌಕಟ್ಟಿನ ಕೆಳಗೆ ನಿಂತು, ತನ್ನ ತಲೆಯ ಮೇಲೆ ಒಂದು ಗೇಣು ಇಟ್ಟ.

"ಇಷ್ಟೆತ್ತರ ಯಾಕಯ್ಯ? ಜಿರಾಫೆ ಸಾಕ್ತೀಯಾ?" ಎಂದ ಬಡಗಿ.

"ಅವನು ಉದ್ದ," ಎಂದ ಓಜ್ವಾಂಗ್. "ಎಲ್ಲಾ ಬಾಗಿಲಿಗೂ ತಲೆ ಹೊಡ್ಕೊಳ್ತಿದ್ದ."

ಮಣ್ಣು ಕಲಸುತ್ತಿದ್ದ ಅವೂರ್ ತಲೆ ಎತ್ತಲಿಲ್ಲ. ಕಲಸುವುದನ್ನು ಇನ್ನಷ್ಟು ಜೋರು ಮಾಡಿದಳು.

ಮರುದಿನವೇ ಎಡಗಡೆ ಓಜ್ವಾಂಗ್‌ನ ಕಂಬ ಎದ್ದಿತು. ಒಂದು ವಾರ ಕಳೆದು ರಿಸ್ಪರ್ ತೌರಿನಿಂದ ಬಂದು, ಹೊಟ್ಟೆ ಹಿಡಿದುಕೊಂಡು ಎರಡೂ ಮನೆಗಳನ್ನು ನೋಡಿ, "ಅತ್ತೇ, ನಮ್ಮದಕ್ಕಿಂತ ಭಾವನವರದ್ದೇ ಚೆನ್ನಾಗಿದೆ," ಎಂದು ಮುಖ ಊದಿಸಿದಳು.

"ಅವನಿಗೆ ಹೇಳ್ತೀನಿ. ಬಂದ ಮೇಲೆ ಬದಲಾಯಿಸಿಕೊಳ್ಳಿ," ಎಂದಳು ಅವೂರ್.

ಅದೇ ಬೆಳಿಗ್ಗೆ ಫೋನು ಬಂತು. ಅವೂರ್ ಒಡೇರನ ಮನೆಯ ಒಳಗೋಡೆಗೆ ಕೊನೆಯ ಸಾರಣೆ ಮಾಡುತ್ತಿದ್ದಳು. ಕೈ ಮೊಣಕೈವರೆಗೂ ಸಗಣಿ ಮಣ್ಣು. ರಿಸ್ಪರ್ ಫೋನನ್ನು ಅವಳ ಕಿವಿಗೆ ಹಿಡಿದಳು. ನೆಕೇಸಾ. ಕೋರ್ಟಿಗೆ ಕಾಗದ ಕಳಿಸುವ ಮೊದಲು ಪುಟಗಳನ್ನೆಲ್ಲ ಸರಿಮಾಡುತ್ತಿದ್ದಾಳಂತೆ.

"ಒಡೇರ," ಎಂದು ಅವಳು ಸಭೆಯಲ್ಲಿ ಕೂಗುವ ಹಾಗೇ ಕೂಗಿದಳು.

"ಇನ್ನೂ ಬಂದಿಲ್ಲ," ಎಂದಳು ಅವೂರ್.

"ಬಂದರೆ ಎಲ್ಲಿ ಮಲಗ್ತಾನೆ ಅಮ್ಮ?"

ಎತ್ತರದ ಬಾಗಿಲಿನಿಂದ ಬಿಸಿಲು ಒಳಬಂದು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು, ಒಬ್ಬರು ಕಾಲು ಚಾಚಿ ಮಲಗುವಷ್ಟು.

"ಬೇಲಿಬಾಗಿಲ ಬಲಕ್ಕೆ ಅಂತ ಬರ್ಕೋ," ಎಂದಳು ಅವೂರ್. "ಗೋಡೆ ಮಾತ್ರ ಇನ್ನೂ ಹಸಿ ಇದೆ. ಒಂದು ವಾರ ಒಣಗಲಿ."